ಸಹಾಯ ಬೇಕು: ಪರಿಷ್ಕರಿಸಿದ ತುರ್ತು ಯೋಜನೆಗೆ ಒಪ್ಪಿಗೆ ಕೊಡುವವರು ಯಾರು?

ನಮಸ್ಕಾರ. ಬೆಂಗಳೂರಿನ ಮಹದೇವಪುರ ಭಾಗದ ಪೌರ ರಕ್ಷಣಾ (ಸಿವಿಲ್ ಡಿಫೆನ್ಸ್) ಸ್ವಯಂಸೇವಕರಾದ ನಾವು ಕೆಲವರು ನಮ್ಮ ಪ್ರದೇಶದ ತುರ್ತು ನಿರ್ವಹಣಾ ಯೋಜನೆಯನ್ನು ಪರಿಷ್ಕರಿಸುತ್ತಿದ್ದೇವೆ. ಕೈಯಲ್ಲಿರುವ ಪ್ರತಿ ಬಿಬಿಎಂಪಿ ಕಾಲದ್ದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬದಲಿಗೆ ಐದು ನಗರ ಪಾಲಿಕೆಗಳು ಬಂದ ಮೇಲೆ ಅದರಲ್ಲಿರುವ ವಲಯ, ಅಧಿಕಾರಿ, ದೂರವಾಣಿ ಸಂಖ್ಯೆ ಯಾವುದನ್ನೂ ನಂಬುವಂತಿಲ್ಲ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದ್ದು ನಿಮಗೆಲ್ಲ ನೆನಪಿರಬಹುದು. ಆದ್ದರಿಂದ ಕೆರೆ ಕೋಡಿ, ರಾಜಕಾಲುವೆ, ನೀರು ನಿಲ್ಲುವ ಕೆಳಸೇತುವೆ, ನೆಲಮಾಳಿಗೆಯಲ್ಲಿ ಜನರೇಟರ್ ಇಟ್ಟಿರುವ ಕಟ್ಟಡ, ಹಾಸಿಗೆ ಹಿಡಿದ ಹಿರಿಯರಿರುವ ಮನೆ, ಎಲ್ಲವನ್ನೂ ಬೀದಿ ಬೀದಿ ಸುತ್ತಿ ನಕ್ಷೆಯಲ್ಲಿ ಗುರುತಿಸಿದ್ದೇವೆ. ವಲಸೆ ಕಾರ್ಮಿಕರ ಶೆಡ್‌ಗಳು ಹಳೆಯ ಪ್ರತಿಯಲ್ಲಿ ಇರಲೇ ಇಲ್ಲ. ಮೊದಲು ಮುಳುಗುವುದೇ ಅವು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಿಷ್ಕರಿಸುವುದು ಜಿಲ್ಲಾ ಪ್ರಾಧಿಕಾರದ ಹೊಣೆ. ಅದಕ್ಕೆ 2025ರಲ್ಲಿ ಬಂದ ತಿದ್ದುಪಡಿ, ದೊಡ್ಡ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿದೆ. ಪೌರ ರಕ್ಷಣೆಯೋ 1968ರ ಬೇರೆ ಕಾಯ್ದೆಯಡಿ ಬರುತ್ತದೆ. ಪತ್ರ ಬರೆದೆವು, ಖುದ್ದಾಗಿ ಹೋಗಿ ಕೇಳಿದೆವು. ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸುತ್ತದೆ. ಮೊದಲ ಕರೆ 112ಕ್ಕೆ ಎಂಬುದರಲ್ಲಿ ಗೊಂದಲವಿಲ್ಲ. ಆದರೆ ಪರಿಹಾರ ಕೇಂದ್ರಕ್ಕೆ ಶಾಲೆಯ ಬೀಗ ತೆಗೆಸುವ ಅಧಿಕಾರ ಯಾರದೆಂದು ಬರೆಯದಿದ್ದರೆ ಆ ಯೋಜನೆ ರಾತ್ರಿ ಎರಡು ಗಂಟೆಗೆ ಯಾರಿಗೂ ಉಪಯೋಗಕ್ಕೆ ಬಾರದು.

ಹೊಸ ಪಾಲಿಕೆಗಳ ವ್ಯಾಪ್ತಿಯಲ್ಲಿ ಇಂಥ ಸ್ಥಳೀಯ ಯೋಜನೆಗೆ ಒಪ್ಪಿಗೆ ಪಡೆದವರು ಇಲ್ಲಿದ್ದೀರಾ? ಕರಡನ್ನು ಮೊದಲು ಸಲ್ಲಿಸಬೇಕಾದದ್ದು ಪಾಲಿಕೆ ಆಯುಕ್ತರಿಗೋ, ಜಿಲ್ಲಾಧಿಕಾರಿಗಳಿಗೋ, ಪೌರ ರಕ್ಷಣಾ ಕಚೇರಿಗೋ?