ತಾತನ ಅಡಪದಲ್ಲಿ ಸಿಕ್ಕ ಹಳದಿ ಕಲ್ಲು: ಕ್ಷೌರದ ಕತ್ತಿಯ ಕೊನೆ ಮಸೆತಕ್ಕೆ ಆಗುತ್ತಾ?

ಪ್ರಶ್ನೆ (ಚಿಂತಾಮಣಿಯಿಂದ)

ಅಣ್ಣ, ನಮಸ್ಕಾರ. ನಮ್ಮ ತಾತ ಊರಿನಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದರು. ಮನೆಗೆ ಸುಣ್ಣ ಹೊಡೆಯುವಾಗ ಅಟ್ಟದ ಮೇಲೆ ಅವರ ಅಡಪ, ಅಂದರೆ ಕ್ಷೌರದ ಸಾಮಾನಿನ ಚೀಲ, ಸಿಕ್ಕಿತು. ಅದರಲ್ಲಿ ಒಂದು ಮಡಚುವ ಕತ್ತಿ ಇದೆ, ಬುಡದಲ್ಲಿ ಸೋಲಿಂಗೆನ್ (ಕತ್ತಿಗೆ ಹೆಸರಾದ ಜರ್ಮನಿಯ ಊರು) ಅಂತ ಕೆತ್ತಿದೆ. ಒಂದು ಚರ್ಮದ ಪಟ್ಟಿ ಇದೆ. ಜೊತೆಗೆ ಅಂಗೈಯಷ್ಟು ಉದ್ದದ ಒಂದು ಕಲ್ಲು. ಮೇಲ್ಭಾಗ ಕೆನೆಹಳದಿ, ಕೆಳಭಾಗ ನೇರಳೆ ಛಾಯೆಯ ಬೂದು. ಮಧ್ಯೆ ಸ್ವಲ್ಪ ತಗ್ಗಾಗಿದೆ.

ಆ ಕತ್ತಿಯಲ್ಲೇ ಗಡ್ಡ ತೆಗೆದುಕೊಳ್ಳಬೇಕು ಅಂತ ಆಸೆ. 1000 ಮತ್ತು 8000 ನಂಬರಿನ ಕಾರ್ಖಾನೆ ಕಲ್ಲು ತರಿಸಿಕೊಂಡಿದ್ದೇನೆ (ನಂಬರ್ ದೊಡ್ಡದಾದಷ್ಟು ಕಲ್ಲು ನುಣುಪು). ಕೊನೆಯ ಮಸೆತಕ್ಕೆ ಗಣಿಯಿಂದ ತೆಗೆದ ಕಲ್ಲೇ ಬೇಕು ಅನ್ನುತ್ತಾರೆ. ಬೆಲ್ಜಿಯಂ, ಜಪಾನ್, ಅರ್ಕಾನ್ಸಾಸ್ ಅಂತ ಏನೇನೋ ಹೆಸರು ಹೇಳುತ್ತಾರೆ. ಬೆಲೆ ನೋಡಿದರೆ ಭಯ ಆಗುತ್ತದೆ. ಯಾವುದು ತಗೊಳ್ಳಲಿ? ತಾತನ ಕಲ್ಲು ಆಗುತ್ತಾ ಅಂತ ನೋಡುವುದು ಹೇಗೆ?

ಉತ್ತರ (ತುಮಕೂರಿನಿಂದ, ಸಲೂನ್ ಕೆಲಸದವರು)

ನಮಸ್ಕಾರ. ಮೊದಲು ಏನೂ ಕೊಳ್ಳಬೇಡಿ. ತಾತ ಇಟ್ಟುಹೋದ ಕಲ್ಲನ್ನು ಪೂರ್ತಿ ಪರೀಕ್ಷೆ ಮಾಡಿ, ಆಮೇಲೆ ದುಡ್ಡಿನ ಮಾತು.

ನೀವು ಹೇಳಿದ ಬಣ್ಣ ಓದಿದಾಗ ನನಗೆ ನೆನಪಾಗಿದ್ದು ಕೋಟಿಕ್ಯೂಲ್ ಕಲ್ಲು. ಬೆಲ್ಜಿಯಂ ದೇಶದ ಆರ್ಡೆನ್ ಬೆಟ್ಟಗಳಲ್ಲಿ, ವಿಯೆಲ್‌ಸಾಮ್ ಊರಿನ ಸುತ್ತಮುತ್ತ ಸಿಗುವ ಕಲ್ಲು ಅದು. ಹಳದಿ ಪದರ ತುಂಬಾ ತೆಳು. ಹಾಗಾಗಿ ಅಡಿಯಲ್ಲಿ ಸ್ಲೇಟು ಅಂಟಿಸಿ ಮಾರುತ್ತಾರೆ. ಕೆಲವದರಲ್ಲಿ ನೇರಳೆ ಕಲ್ಲು ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಹಳದಿ ಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳುಗಳಿರುತ್ತವೆ. ಉಕ್ಕನ್ನು ಕೊರೆಯುವುದು ಆ ಹರಳುಗಳೇ. ಆದರೆ ಬಣ್ಣ ಕೇಳಿ ಇದು ಅದೇ ಅಂತ ನಾನು ಹೇಳುವುದಿಲ್ಲ. ಫೋಟೋ ನೋಡಿ ಕಲ್ಲಿನ ಜಾತಿ ಹೇಳುವವರನ್ನೂ ನಂಬಬೇಡಿ. ಹೆಸರು ಗೊತ್ತಿಲ್ಲದಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.

ಅನುಭವದಿಂದ ಹೇಳುತ್ತಿದ್ದೇನೆ. ಅಂಗಡಿಯಲ್ಲಿ ನಾವು ಈಗ ಬ್ಲೇಡ್ ಬದಲಿಸುವ ಕತ್ತಿಯನ್ನೇ ಬಳಸುತ್ತೇವೆ, ಒಬ್ಬರಿಗೆ ಒಂದು ಬ್ಲೇಡು. ಅದು ಸರಿಯಾದ ಪದ್ಧತಿ. ಮಸೆಯುವ ಕತ್ತಿ ನನ್ನ ಸ್ವಂತ ಮುಖಕ್ಕೆ ಮಾತ್ರ. ಕೆಲವು ವರ್ಷಗಳ ಹಿಂದೆ ದೊಡ್ಡ ಹೆಸರಿನ ಕಲ್ಲು ಅಂತ ಒಬ್ಬರ ಹತ್ತಿರ ಕೊಂಡೆ. ಬಣ್ಣ ಚೆನ್ನಾಗಿತ್ತು, ನುಣುಪಾಗಿತ್ತು. ಪರೀಕ್ಷೆ ಮಾಡದೆ ಸೀದಾ ಅಪ್ಪನ ಕತ್ತಿಯನ್ನು ಅದರ ಮೇಲೆ ಎಳೆದೆ. ಕಲ್ಲಿನೊಳಗೆ ಒಂದು ಗಟ್ಟಿ ಕಾಳು ಇತ್ತು. ಕತ್ತಿಯ ಬಾಯಿಯಲ್ಲಿ ಮೂರು ಕಡೆ ಸಣ್ಣ ಸಣ್ಣ ಹಲ್ಲು ಬಿತ್ತು. ಅದನ್ನು ಸರಿ ಮಾಡಲು ಅಷ್ಟು ಉಕ್ಕು ಸವೆಸಬೇಕಾಯಿತು. ಅಪ್ಪ ಅಷ್ಟು ವರ್ಷ ಕಾಪಾಡಿಕೊಂಡಿದ್ದ ಉಕ್ಕು. ಆ ನೋವು ಇನ್ನೂ ಇದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕಲ್ಲಿನ ತಗ್ಗು ತೆಗೆಯಬೇಕು. ತಗ್ಗಿರುವ ಕಲ್ಲಿನ ಮೇಲೆ ಯಾವ ಪರೀಕ್ಷೆಯೂ ನಿಜ ಹೇಳುವುದಿಲ್ಲ. ನಿಮ್ಮ ಕಡೆ ಗ್ರಾನೈಟ್ ಅಂಗಡಿಗೆ ಬರವಿಲ್ಲ. ಪಾಲಿಶ್ ಆದ ಒಂದು ಅಡಿಯ ಕಟಿಂಗ್ ಪೀಸ್ ಕೇಳಿ ತನ್ನಿ. ಅದರ ಮೇಲೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಸ್ಕೇಲಿನ ಕೆಳಗೆ ಬೆಳಕು ನುಸುಳದಿದ್ದರೆ ಸಾಕು. ಗ್ರಾನೈಟ್ ಮೇಲೆ ನೀರು ಹಾಕಿ 220 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಉಜ್ಜುವ ಮರಳು ಕಾಗದ) ಅಂಟಿಸಿ. ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಚೌಕ ಚೌಕವಾಗಿ ಗೆರೆ ಹಾಕಿ ಉಜ್ಜಿ. ಮಧ್ಯದ ಗೆರೆ ಹೋಗುವ ತನಕ ಉಜ್ಜಬೇಕು. ನಂತರ 400, 1000 ಪೇಪರಿನಲ್ಲಿ ನುಣುಪು ಮಾಡಿ. ನಾಲ್ಕು ಅಂಚನ್ನೂ ಸ್ವಲ್ಪ ಉಜ್ಜಿ ಮೊಂಡು ಮಾಡಿ, ಇಲ್ಲದಿದ್ದರೆ ಕತ್ತಿ ಅಲ್ಲೇ ತಗುಲುತ್ತದೆ. ಎಲ್ಲವೂ ನೀರಿನಲ್ಲೇ ಆಗಬೇಕು. ಒಣ ಕಲ್ಲನ್ನು ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ತಗ್ಗು ಹೋದ ಮೇಲೆ ಕಲ್ಲನ್ನು ಒದ್ದೆ ಮಾಡಿ ಬಿಸಿಲಿಗೆ ಹಿಡಿದು ನೋಡಿ. ಗೆರೆ, ಚುಕ್ಕೆ, ಬಿರುಕು ಒದ್ದೆಯಲ್ಲೇ ಎದ್ದು ಕಾಣುತ್ತವೆ. ಪ್ರತಿ ಗೆರೆಯ ಮೇಲೂ ಉಗುರು ಅಡ್ಡ ಎಳೆಯಿರಿ. ಉಗುರಿಗೆ ಏನೂ ಗೊತ್ತಾಗದ ಗೆರೆಯಿಂದ ಭಯವಿಲ್ಲ. ಉಗುರು ತಡೆದರೆ ಅಲ್ಲಿ ಅನುಮಾನ ಇಡಿ. ಆಮೇಲೆ ಒಂದು ಹಳೆಯ ತರಕಾರಿ ಚಾಕುವನ್ನು ಮಲಗಿಸಿ ಮೆಲ್ಲಗೆ ಎಳೆಯಿರಿ. ಕಿವಿ ಹತ್ತಿರ ಇಟ್ಟು ಕೇಳಿ. ಒಳ್ಳೆಯ ಕಲ್ಲು ಮೊದಲಿನಿಂದ ಕೊನೆತನಕ ಒಂದೇ ಸದ್ದು ಕೊಡುತ್ತದೆ. ಮಧ್ಯೆ ಎಲ್ಲೋ 'ಚರ್' ಅಂದರೆ ಅಲ್ಲಿ ಕಾಳು ಇದೆ. ಚಾಕುವಿನ ಮೇಲೆ ಒಂಟಿ ಆಳ ಗೀರು ಬಿದ್ದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಹಾಗೆ ಬಿದ್ದಿದ್ದರೆ ಕಾಳು ಇರುವ ಜಾಗವನ್ನು ಸೂಜಿಯಿಂದ ಕೆದಕಿ ತೆಗೆಯಬಹುದು. ಇಡೀ ಕಲ್ಲಿನಲ್ಲಿ ಅದೇ ಕಥೆಯಾದರೆ ಅಡುಗೆಮನೆ ಚಾಕುವಿಗೆ ಇಟ್ಟುಕೊಳ್ಳಿ.

ಅದೇ ಚಾಕುವನ್ನು ನೀರು ಹಾಕಿ ಇಪ್ಪತ್ತು ಸಲ ಎಳೆದು ನೀರಿನ ಬಣ್ಣ ನೋಡಿ. ಬೂದು ಅಥವಾ ಕಪ್ಪಗೆ ತಿರುಗಿದರೆ ಕಲ್ಲು ಉಕ್ಕನ್ನು ಕೊರೆಯುತ್ತಿದೆ ಅಂತ ಅರ್ಥ. ನೀರು ಹಾಗೇ ತಿಳಿಯಾಗಿದ್ದರೆ ಅಥವಾ ಬರೀ ಕಲ್ಲಿನ ಬಣ್ಣದ ಕೆಸರು ಬಂದರೆ, ಅದು ಬರೀ ನುಣುಪಾದ ಕಲ್ಲು ಅಷ್ಟೇ. ಅತಿ ಗಟ್ಟಿ ಕಲ್ಲು ನಿಧಾನವಾಗಿ ಕೊರೆಯುತ್ತದೆ, ಅದಕ್ಕೆ ಇನ್ನೂ ಐವತ್ತು ಸಲ ಕೊಟ್ಟು ನೋಡಿ. ನುಣುಪು ಬೇರೆ, ಮಸೆಯುವ ಗುಣ ಬೇರೆ. ತುಂಬಾ ಜನ ಎಡವುವುದು ಇಲ್ಲೇ.

ಈಗ ಕತ್ತಿಯ ವಿಷಯ. ಕೊನೆಯ ಕಲ್ಲು ಮೊಂಡು ಕತ್ತಿಯನ್ನು ಹರಿತ ಮಾಡುವುದಿಲ್ಲ. ಹರಿತವಾದ ಕತ್ತಿಯನ್ನು ಚರ್ಮಕ್ಕೆ ಹಿತ ಮಾಡುತ್ತದೆ, ಅಷ್ಟೇ. ನಿಮ್ಮ 1000 ಕಲ್ಲಿನಲ್ಲಿ ಬಾಯಿಯ ಎರಡು ಮಗ್ಗುಲೂ ಬುಡದಿಂದ ತುದಿವರೆಗೆ ಒಂದೇ ಗೆರೆಯಲ್ಲಿ ಕೂಡಬೇಕು. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಲಿ, ಬೆನ್ನು ಎತ್ತಬೇಡಿ. ಕೋನವನ್ನು ಬೆನ್ನಿನ ದಪ್ಪವೇ ಕಾಯುತ್ತದೆ. ಮೊಣಕೈ ಕೆಳಗಿನ ಕೂದಲು ಸುಲಭವಾಗಿ ಉದುರಿದ ಮೇಲೆ 8000ಕ್ಕೆ ಹೋಗಿ. 1000ದ ಗೀರುಗಳು ಹೋಗಲು ಅಲ್ಲಿ ತಾಳ್ಮೆ ಬೇಕು. ಮಧ್ಯೆ 4000 ಇದ್ದರೆ ಕೆಲಸ ಹಗುರ.

ಕೊನೆಯ ಪರೀಕ್ಷೆ ನಿಮ್ಮ ಕೆನ್ನೆಯ ಮೇಲೆ. 8000 ಆದ ಮೇಲೆ ಕತ್ತಿಯನ್ನು ಚರ್ಮದ ಪಟ್ಟಿಗೆ ಐವತ್ತು ಸಲ ಹಾಕಿ, ಎಡಗೆನ್ನೆ ಮಾತ್ರ ಕ್ಷೌರ ಮಾಡಿಕೊಳ್ಳಿ. ಕತ್ತಿ ತೊಳೆದು ಒರೆಸಿ. ಈಗ ತಾತನ ಕಲ್ಲಿಗೆ ಬರೀ ನೀರು ಹಾಕಿ, ಕತ್ತಿಯ ತೂಕ ಬಿಟ್ಟು ಬೇರೆ ಭಾರ ಕೊಡದೆ ಐವತ್ತು ಸಲ ಎಳೆಯಿರಿ. ಮತ್ತೆ ಪಟ್ಟಿಗೆ ಐವತ್ತು, ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಬಲಗೆನ್ನೆ ಮಾಡಿಕೊಳ್ಳಿ. ನಂತರ ಎರಡು ಕೆನ್ನೆಗೂ ಒದ್ದೆ ಪಟಿಕ ಸವರಿ. ಯಾವ ಕಡೆ ಉರಿ ಜಾಸ್ತಿಯೋ ಆ ಕಡೆ ಚರ್ಮ ಕೆರೆದಿದೆ. ನಾನು ನಂಬುವುದು ಪಟಿಕವನ್ನು. ಮುಂದಿನ ಸಲ ಕೆನ್ನೆ ಅದಲುಬದಲು ಮಾಡಿ, ಯಾಕೆಂದರೆ ಎಲ್ಲರಿಗೂ ಒಂದು ಕಡೆ ಕೈ ಚೆನ್ನಾಗಿ ಓಡುತ್ತದೆ, ಇನ್ನೊಂದು ಕಡೆ ಓಡುವುದಿಲ್ಲ.

ಪ್ರಶ್ನೆ (ಕೆಜಿಎಫ್‌ನಿಂದ)

ಅಣ್ಣ, ಹೊರದೇಶದ ಕಲ್ಲೇ ಯಾಕೆ? ನಮ್ಮ ಕಡೆ ಕಪ್ಪು ಕಲ್ಲು ಬೇಕಾದಷ್ಟಿದೆ. ಮನೆಯಲ್ಲಿ ಕಡಪ ಕಲ್ಲಿನ ತುಂಡೂ ಇದೆ, ಕನ್ನಡಿ ಹಾಗೆ ನುಣುಪು. ಅದು ಆಗಲ್ವಾ?

ಉತ್ತರ

ಒಳ್ಳೆಯ ಪ್ರಶ್ನೆ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಮೊಳೆಯಿಂದ ಗೀರಿ, ಬಂದ ಪುಡಿಯ ಮೇಲೆ ನಿಂಬೆರಸ ಬಿಡಿ. ಗುಳ್ಳೆ ಏಳುತ್ತದೆ. ಸುಣ್ಣದ ಹರಳು ಉಕ್ಕಿಗಿಂತ ಮೆತ್ತಗೆ, ಅದು ಕತ್ತಿಯನ್ನು ಕೊರೆಯುವುದಿಲ್ಲ. ಬಳಪದ ಕಲ್ಲಿನ ಕಥೆಯೂ ಅಷ್ಟೇ. ಆದರೆ ಮೊಳೆಗೆ ಗೀರು ಬಿದ್ದ ಮಾತ್ರಕ್ಕೆ ಕಲ್ಲು ಕೆಟ್ಟದ್ದು ಅಂತಲೂ ಅಲ್ಲ. ಒಳ್ಳೆಯ ಸ್ಲೇಟು ಕಲ್ಲಿಗೂ ಗೀರು ಬೀಳುತ್ತದೆ. ಮೈ ಮೆತ್ತಗಿದ್ದರೂ ಒಳಗಿನ ಕಣ ಗಟ್ಟಿ ಇರಬೇಕು, ತುಂಬಾ ಸಣ್ಣದಿರಬೇಕು, ಎಲ್ಲ ಒಂದೇ ಗಾತ್ರದಲ್ಲಿರಬೇಕು.

ಗ್ರಾನೈಟ್‌ನಲ್ಲಿ ಕಣ ಗಟ್ಟಿ, ಆದರೆ ಕಣ್ಣಿಗೆ ಕಾಣುವಷ್ಟು ದಪ್ಪ. ಕೋಲಾರದ ಚಿನ್ನ ಸಿಗುವ ಶಿಲಾಪಟ್ಟಿಯ ಕಪ್ಪು ಕಲ್ಲಿನಲ್ಲೂ ಹರಳು ದಪ್ಪವೇ, ಮಧ್ಯೆ ಬಿಳಿಯ ಬೆಣಚು ಎಳೆಗಳೂ ಓಡಿರುತ್ತವೆ. ಆ ಒಂದು ಎಳೆ ಸಾಕು ಕತ್ತಿಗೆ ಹಲ್ಲು ಬೀಳಲು. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆ ಚಿತ್ರದುರ್ಗದ ಶಿಲಾಪಟ್ಟಿ ಹಾದುಹೋಗಿದೆ. ಅಲ್ಲಿಂದ ಸ್ನೇಹಿತರು ತಂದುಕೊಟ್ಟ ಒಂದು ಪದರದ ಕಲ್ಲನ್ನು ನಾನು ಉಜ್ಜಿ ನೋಡಿದ್ದೇನೆ. ಕುಡುಗೋಲಿಗೆ ಬಹಳ ಚೆನ್ನಾಗಿದೆ. ಮುಖಕ್ಕೆ ಒರಟಾಯಿತು. ಹುಡುಕುವುದನ್ನು ನಾನೂ ಬಿಟ್ಟಿಲ್ಲ. ನಿಮಗೆ ಸಿಕ್ಕರೆ ದಯವಿಟ್ಟು ಹೇಳಿ. ಉಜ್ಜುವಾಗ ನೀರು ಮರೆಯಬೇಡಿ. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಎಂಥದ್ದು ಅಂತ ಕೆಜಿಎಫ್‌ನವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ (ಗುಬ್ಬಿಯಿಂದ)

ನಮ್ಮ ತಂದೆಗೆ ಒಂದು ಕಲ್ಲು ಕೊಡಿಸಬೇಕು ಅಂತಿದ್ದೇನೆ. ಅವರ ಹತ್ತಿರ ಹಳೆಯದು ಯಾವುದೂ ಇಲ್ಲ. ಕೊಳ್ಳಲೇಬೇಕಾದರೆ ಯಾವುದು? ಕೂದಲು ಹಿಡಿದು ಕತ್ತಿಗೆ ತಾಗಿಸಿ ನೋಡುವ ಪರೀಕ್ಷೆ ನಂಬಬಹುದಾ?

ಉತ್ತರ

ಅಕ್ಕ, ಹೊಸದಾಗಿ ಕೈಯಾಡಿಸುವವರಿಗೆ ಕೋಟಿಕ್ಯೂಲ್ ಒಳ್ಳೆಯದು, ಅದಕ್ಕೆ ಕಾರಣ ಇದೆ. ಅದೇ ಜಾತಿಯ ಮರಿಕಲ್ಲಿನಿಂದ ಉಜ್ಜಿ ಹಾಲಿನಂಥ ಕೆಸರು ಬರಿಸಿದರೆ ಬೇಗ ಕೊರೆಯುತ್ತದೆ. ಹನಿ ಹನಿ ನೀರು ಸೇರಿಸುತ್ತಾ ಕೆಸರನ್ನು ತೆಳು ಮಾಡಿ, ಬರೀ ನೀರಿಗೆ ತಂದರೆ ನಿಧಾನವಾಗಿ ನುಣುಪು ಕೊಡುತ್ತದೆ. ಒಂದೇ ಕಲ್ಲಿನಲ್ಲಿ ಎರಡು ಕೆಲಸ. ದಪ್ಪ ಕೆಸರಿನಲ್ಲೇ ನಿಲ್ಲಿಸಬಾರದು, ಬಾಯಿ ಸ್ವಲ್ಪ ಮೊಂಡಾಗಿಯೇ ಉಳಿಯುತ್ತದೆ.

ಅಮೆರಿಕದ ಅರ್ಕಾನ್ಸಾಸ್ ಕಲ್ಲು ಹೆಚ್ಚುಕಮ್ಮಿ ಪೂರ್ತಿ ಸಿಲಿಕಾ (ಬೆಣಚಿನ ಅಂಶ), ಬಹಳ ಗಟ್ಟಿ. ಕೊನೆಗೆ ಕಪ್ಪು ಅಥವಾ ಬೆಳಕು ಹಾಯುವ ಜಾತಿಯದು ಬೇಕು. ಒಂದು ಸಲ ಸಮ ಮಾಡಿದರೆ ವರ್ಷಗಟ್ಟಲೆ ತಗ್ಗಾಗುವುದಿಲ್ಲ, ಆದರೆ ಆ ಸಮ ಮಾಡುವ ಕೆಲಸ ಕೈ ಬಿದ್ದುಹೋಗುವಷ್ಟು ಕಷ್ಟ. ಹೊಲಿಗೆ ಮಷಿನ್ ಎಣ್ಣೆ ಅಥವಾ ಸೋಪಿನ ನೀರು ಹಾಕಿ ಬಳಸಿ. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ. ಜರ್ಮನಿಯ ಥುರಿಂಗಿಯಾ ಕಲ್ಲು ಮುಖಕ್ಕೆ ಬೆಣ್ಣೆ ಹಾಗೆ, ಆದರೆ ಹಳೆಯ ಕಲ್ಲುಗಳೇ ಕೈಯಿಂದ ಕೈಗೆ ಓಡಾಡುತ್ತಿವೆ, ಬೆಲೆ ಜಾಸ್ತಿ. ಜಪಾನಿನ ಕ್ಯೋಟೋ ಕಡೆಯ ಕಲ್ಲಿನಲ್ಲಿ ಒಂದರಂತೆ ಇನ್ನೊಂದಿಲ್ಲ, ಕಣ್ಣೆದುರು ಪರೀಕ್ಷೆ ಮಾಡದೆ ತಗೊಳ್ಳಬೇಡಿ. ಚೀನಾದ ಗುವಾಂಗ್‌ಶಿ ಕಲ್ಲು ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ತುಂಬಾ ನಿಧಾನ. ತಂದೆಯವರಿಗೆ ಬಿಡುವಿದ್ದರೆ ಅದೂ ಸಾಕು. 6 ಇಂಚು ಉದ್ದ, 2 ಇಂಚು ಅಗಲ ಇದ್ದರೆ ಆರಾಮ.

ಕೂದಲಿನ ಪರೀಕ್ಷೆ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ದಪ್ಪ ಕೂದಲು ಬೇಗ ತುಂಡಾಗುತ್ತದೆ, ತೆಳು ಕೂದಲು ಜಾರುತ್ತದೆ. ಯಾವಾಗಲೂ ಒಬ್ಬರದೇ ಕೂದಲು ಬಳಸಿ, ತೊಳೆದು ಒಣಗಿಸಿದ್ದು. ಬುಡದ ಕಡೆ ಹಿಡಿದುಕೊಳ್ಳಿ. ಇನ್ನೊಂದು ಮಾತು, ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದು ಕಲ್ಲಿನ ಮೇಲೆ ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ಫಿಲ್ಟರ್ ನೀರು ಬಳಸಿ, ಕತ್ತಿಯನ್ನು ಒರೆಸಿ ಮಷಿನ್ ಎಣ್ಣೆ ಒಂದು ಹನಿ ಸವರಿ ಇಡಲು ಹೇಳಿ.

ಮತ್ತೆ ಚಿಂತಾಮಣಿಯಿಂದ (ಹತ್ತು ದಿನದ ನಂತರ)

ಅಣ್ಣ, ಎಲ್ಲ ಮಾಡಿದೆ. ತಗ್ಗು ತೆಗೆಯಲು ಎರಡು ಸಂಜೆ ಹಿಡಿಯಿತು. ಚಾಕು ಎಳೆದಾಗ ಒಂದೇ ಸದ್ದು, ನೀರು ಬೂದು ಬಣ್ಣಕ್ಕೆ ಬಂತು. 8000 ಕಡೆಯ ಕೆನ್ನೆ ಪಟಿಕಕ್ಕೆ ಉರಿಯಿತು, ತಾತನ ಕಲ್ಲಿನ ಕಡೆ ತಣ್ಣಗಿತ್ತು. ಕೆನ್ನೆ ಬದಲಿಸಿ ಮಾಡಿದಾಗಲೂ ಹಾಗೇ. ಅಮ್ಮ ನೋಡಿ ಕಣ್ಣು ಒರೆಸಿಕೊಂಡರು. ಒಂದೇ ತೊಂದರೆ, ಮೂಗಿನ ಕೆಳಗೆ ಮಾತ್ರ ಕತ್ತಿ ಕೂದಲನ್ನು ಎಳೆದ ಹಾಗಾಗುತ್ತದೆ.

ಉತ್ತರ

ಓದಿ ನನಗೆ ತುಂಬಾ ಸಂತೋಷ ಆಯಿತು. ಇನ್ನು ಬೇರೆ ಕಲ್ಲು ಕೊಳ್ಳುವ ಮಾತೇ ಬೇಡ. ಮೂಗಿನ ಕೆಳಗೆ ನೀವು ಬಳಸುವುದು ಕತ್ತಿಯ ತುದಿ. ಆ ತುದಿ ಕಲ್ಲಿಗೆ ತಾಗುತ್ತಿಲ್ಲ ಅಂತ ನನ್ನ ಅಂದಾಜು. ಬಾಯಿಯ ಉದ್ದಕ್ಕೂ ಎರಡು ಮಗ್ಗುಲಿಗೆ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ, 8000 ಕಲ್ಲಿನ ಮೇಲೆ ಒಂದೇ ಸಲ ಹಗುರವಾಗಿ ಎಳೆದು ನೋಡಿ. ತುದಿಯಲ್ಲಿ ಶಾಯಿ ಉಳಿದಿದ್ದರೆ ಅಂದಾಜು ನಿಜ. ಆಗ 1000ಕ್ಕೆ ವಾಪಸ್ ಹೋಗಿ. ನೇರ ಎಳೆಯಬೇಡಿ, ಓರೆಯಾಗಿ ಎಳೆಯಿರಿ. ಶುರುವಿನಲ್ಲಿ ಬುಡ ಕಲ್ಲಿನ ಮೇಲಿರಲಿ, ಮುಗಿಯುವಾಗ ತುದಿ ಕಲ್ಲಿನ ಮೇಲಿರಲಿ. ತುದಿಯ ಶಾಯಿಯೂ ಪೂರ್ತಿ ಹೋದ ಮೇಲೆ 8000, ಆಮೇಲೆ ತಾತನ ಕಲ್ಲು. ಭಾನುವಾರ ಮಾಡಿ, ಸಂಜೆ ಇಲ್ಲೇ ತಿಳಿಸಿ.