ವೃದ್ಧಾಶ್ರಮ ಪೋಸ್ಟಿಂಗ್: ಫಾರ್ಮಸಿ ವಿದ್ಯಾರ್ಥಿಗಳ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ಇವತ್ತು ಸಂಜೆ 7ರಿಂದ 9. ಮೈಸೂರಿನ ಕ್ಲಿನಿಕಲ್ ಫಾರ್ಮಸಿ ಮೇಡಂ ನಮ್ಮ ಜೊತೆ ಇರುತ್ತಾರೆ. ಫಾರ್ಮ್ ಡಿ (ಆರು ವರ್ಷದ ಫಾರ್ಮಸಿ ಕೋರ್ಸ್) ವಿದ್ಯಾರ್ಥಿಗಳನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಿ ಕಲಿಸುವವರು. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ನಾಲ್ಕನೇ ವರ್ಷ, ತುಮಕೂರು: ನಮಸ್ತೆ ಮೇಡಂ. ವೃದ್ಧಾಶ್ರಮ ಪೋಸ್ಟಿಂಗ್ ಸಿಲೆಬಸ್‌ನಲ್ಲಿ ಇದೆಯಾ? ನಮ್ಮ ಕಾಲೇಜಲ್ಲಿ ಯಾರೂ ಕಳಿಸುತ್ತಿಲ್ಲ.

ಮೇಡಂ: ನಮಸ್ತೆ. ಇಂಟರ್ನ್‌ಶಿಪ್ ಅಂದರೆ ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. 2008ರಲ್ಲಿ ಫಾರ್ಮ್ ಡಿ ನಿಯಮ ಬಂದಾಗಲೇ ಹೀಗಿತ್ತು. ವೃದ್ಧಾಶ್ರಮ ನಾವೇ ಏರ್ಪಾಡು ಮಾಡಿಕೊಂಡಿದ್ದು. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಫಾರ್ಮಸಿಸ್ಟ್ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಔಷಧಿ ಪಟ್ಟಿ ನೋಡಲೇಬೇಕು, ಅಲ್ಲಿ ಕಾನೂನಿದೆ. ಇಲ್ಲಿ ಆಶ್ರಮದವರು ಬಾಗಿಲು ತೆಗೆದರೆ ಅದೇ ದೊಡ್ಡದು. ನಿಮ್ಮ ಎಚ್‌ಒಡಿ ಹತ್ತಿರ ನಾಲ್ಕು ಜನ ಸೇರಿ ಹೋಗಿ ಕೇಳಿ.

ಆಶ್ರಮದ ಕೇರ್‌ಟೇಕರ್: ನುಂಗಕ್ಕೆ ಆಗದವರಿಗೆ ಮಾತ್ರೆ ಪುಡಿ ಮಾಡಿ ಬಾಳೆಹಣ್ಣಲ್ಲಿ ಕೊಡಬಹುದಾ ಮೇಡಂ?

ಮೇಡಂ: ಎಲ್ಲವನ್ನೂ ಅಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್, ಇಆರ್, ಸಿಆರ್ ಅಂತಿದ್ದರೆ ಪುಡಿ ಮಾಡಲೇಬೇಡಿ. ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಪ್ಯಾಂಟೊಪ್ರಜೋಲ್ ಕೂಡ ಬೇಡ, ಹೊಟ್ಟೆಯ ಆಸಿಡ್‌ನಲ್ಲಿ ಹಾಳಾಗುತ್ತದೆ. ಸಿರಪ್ ಸಿಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಇಂಟರ್ನ್, 6ನೇ ವರ್ಷ: ಮೇಡಂ, ನಾವು ಹೋಗುವ ಆಶ್ರಮದಲ್ಲಿ 82 ವರ್ಷದ ಅಜ್ಜಿ ಇದ್ದಾರೆ, 42 ಕೆಜಿ. ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಶುಗರ್ ಮಾತ್ರೆ ಎರಡು ಹೊತ್ತು. ಬಿಪಿಗೆ ಅಮ್ಲೋಡಿಪಿನ್ ಒಂದು. ಎರಡು ಸಲ ಬೆಳಗಿನ ಜಾವ ಬಚ್ಚಲ ಹತ್ತಿರ ಬಿದ್ದಿದ್ದಾರೆ. ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 1.1, ನಾರ್ಮಲ್. ಬಿಪಿ ಮಾತ್ರೆಯಿಂದ ತಲೆಸುತ್ತು ಅಂತ ಕೇಸ್ ಶೀಟಲ್ಲಿ ಬರೆಯಲಾ?

ಮೇಡಂ: ಬರೆಯಬೇಡಿ, ಇನ್ನೂ. 1.1 ನಾರ್ಮಲ್ ಅಂದಿದ್ದು ಯಾರು? ಲ್ಯಾಬ್ ಚೀಟಿಯ ಪಕ್ಕದ ಕಾಲಂ ಅಲ್ವಾ? ಆ ಕಾಲಂಗೆ ಅಜ್ಜಿಯ ವಯಸ್ಸು ಗೊತ್ತಿಲ್ಲ, ತೂಕ ಗೊತ್ತಿಲ್ಲ. ಕಾಕ್‌ಕ್ರಾಫ್ಟ್ ಗಾಲ್ಟ್ ಲೆಕ್ಕ, ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಅಂದಾಜು, ಪೆನ್ನು ಹಿಡಿದು ಮಾಡಿ. 140ರಲ್ಲಿ 82 ಕಳೆದರೆ 58, ಅದನ್ನು 42ರಿಂದ ಗುಣಿಸಿ, 72 ಗುಣಿಸು 1.1ರಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿ. ಸುಮಾರು 26 ಬರುತ್ತದೆ. ಮೈಮೇಲೆ ಮಾಂಸವೇ ಇಲ್ಲದವರಲ್ಲಿ ಕ್ರಿಯಾಟಿನಿನ್ ಏರುವುದಾದರೂ ಎಲ್ಲಿಂದ? ಕಿಡ್ನಿ ಇಷ್ಟು ಕುಗ್ಗಿದವರಿಗೆ ಮೆಟ್‌ಫಾರ್ಮಿನ್ ಕೊಡಬಹುದಾ ಅನ್ನೋದೇ ಪ್ರಶ್ನೆ. ಗ್ಲಿಬೆನ್‌ಕ್ಲಮೈಡ್ ಅಂತೂ ನನಗೆ ನಿದ್ದೆ ಕೆಡಿಸುವ ಮಾತ್ರೆ. ಅದು ಮೊದಲೇ ತುಂಬಾ ಹೊತ್ತು ಕೆಲಸ ಮಾಡುತ್ತದೆ. ಅದರ ಅಂಶ ಅರ್ಧದಷ್ಟು ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದ, ಅದು ಹೋಗದೆ ಉಳಿದುಕೊಂಡರೆ ಶುಗರ್ ಇಳಿಯುತ್ತಲೇ ಇರುತ್ತದೆ. ವಯಸ್ಸಾದವರಿಗೆ ಬೇಡ ಅನ್ನುವ ಬಿಯರ್ಸ್ ಪಟ್ಟಿಯಲ್ಲೂ ಅದಿದೆ.

ಈಗ ಫೈಲ್ ಮುಚ್ಚಿ. ಹೋಗಿ ಮೂರು ವಿಷಯ ಕೇಳಿಕೊಂಡು ಬನ್ನಿ. ರಾತ್ರಿ ಊಟ ಎಷ್ಟು ಗಂಟೆಗೆ? ತಟ್ಟೆಯಲ್ಲಿ ಎಷ್ಟು ಬಿಡುತ್ತಾರೆ? ಬಿದ್ದಾಗ ಮೈ ಬೆವೆತಿತ್ತಾ? ಬಿದ್ದ ತಾರೀಖುಗಳನ್ನು ಆಶ್ರಮದ ಗೋಡೆಯ ಮೇಲಿರುವ ಪಂಚಾಂಗದ ಕ್ಯಾಲೆಂಡರ್‌ನಲ್ಲಿ ನೋಡಿ, ಮೊಬೈಲಿನದ್ದರಲ್ಲಿ ಅಲ್ಲ. ಮಾತ್ರೆ ನೀವೇ ನಿಲ್ಲಿಸಬೇಡಿ, ಅದು ಡಾಕ್ಟರ ಕೆಲಸ. ಆದರೆ ಫೋನ್ ಇವತ್ತೇ ಮಾಡಿ, ಸೋಮವಾರದ ರೌಂಡ್ಸ್‌ಗೆ ಅಂತ ಕಾಯಬೇಡಿ.

ಮಂಡ್ಯದ ಮಾವ: ಶುಗರ್‌ಗೆ ಇಷ್ಟೆಲ್ಲಾ ಯಾಕೆ. ಅಮೃತಬಳ್ಳಿ ಕಷಾಯ 21 ದಿನ ಕುಡಿದರೆ ಮಾತ್ರೆಯೇ ಬೇಡ. 🙏 ಎಲ್ಲರಿಗೂ ತಲುಪಿಸಿ

ಮೇಡಂ: ತಲುಪಿಸಬೇಡಿ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಪ್ರಕರಣಗಳನ್ನು ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಕಷಾಯವೂ ಕುಡಿದು ಮಾತ್ರೆಯೂ ನುಂಗಿದರೆ ಶುಗರ್ ಇನ್ನೂ ಇಳಿಯಬಹುದು. ಅದಕ್ಕೇ ನಮ್ಮ ಮಕ್ಕಳಿಗೆ ಹೇಳುವುದು, ಮಂಚದ ಕೆಳಗಿನ ಬಾಟ್ಲಿಯನ್ನೂ ಪಟ್ಟಿಗೆ ಸೇರಿಸಿ ಅಂತ.

ಮಂಡ್ಯದ ಮಾವ: ನಮ್ಮ ಹಿರಿಯರು ಇದನ್ನೇ ಕುಡಿದು 90 ವರ್ಷ ಬದುಕಿದರು ಮೇಡಂ.

ಹಾಸನದ ಸೊಸೆ: ಅತ್ತೆಗೆ ನುಂಗಕ್ಕೆ ಕಷ್ಟ, ಮಾತ್ರೆ ಪುಡಿ ಮಾಡಬಹುದಾ?

ಮೇಡಂ: ಮೇಲೆ ಓದಿ.

ಮೆಡಿಕಲ್ ಶಾಪ್, ದಾವಣಗೆರೆ: ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ಈ ಫಾರ್ಮ್ ಡಿ ಹುಡುಗರು ಹೆಸರಿನ ಹಿಂದೆ ಡಾ. ಹಾಕಿಕೊಂಡು ಆಶ್ರಮದಲ್ಲಿ ಡಾಕ್ಟರು ಬರೆದಿದ್ದನ್ನೇ ತಪ್ಪು ಅಂತಾರೆ. ನಾವು ಡಿ ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಾಡಿ 25 ವರ್ಷದಿಂದ ಅದೇ ಅಜ್ಜಿಯರಿಗೆ ಮಾತ್ರೆ ಕೊಟ್ಟಿದ್ದೀವಿ.

ನಾಲ್ಕನೇ ವರ್ಷ, ತುಮಕೂರು: ಚೀಟಿ ಇಲ್ಲದೆ ಕೊಟ್ಟಿದ್ದನ್ನೂ ಸೇರಿಸಿ ಹೇಳಿ ಸರ್.

ಮೆಡಿಕಲ್ ಶಾಪ್, ದಾವಣಗೆರೆ: ನೀನು ಹುಟ್ಟೋ ಮೊದಲು ನಾನು ಕೌಂಟರ್‌ನಲ್ಲಿ ನಿಂತಿದ್ದೆ. ಮರ್ಯಾದೆ ಇರಲಿ.

ಇನ್ನೊಬ್ಬ ಇಂಟರ್ನ್, ಮಂಗಳೂರು: ಆರು ವರ್ಷ ಓದಿದ್ದೀವಿ, ಡಾ. ಹಾಕ್ಕೊಂಡರೆ ನಿಮಗೇನು ನಷ್ಟ?

ಮೆಡಿಕಲ್ ಶಾಪ್, ದಾವಣಗೆರೆ: ಅಜ್ಜಿಗೆ ನಷ್ಟ. ಇಂಜೆಕ್ಷನ್ ಕೊಡಿ ಡಾಕ್ಟ್ರೇ ಅಂತ ಕೈ ಚಾಚಿದರೆ ಏನು ಮಾಡ್ತೀರಿ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಮೇಡಂ: ಡಾ. ಜಗಳಕ್ಕೆ ನಾನು ಬರಲ್ಲ. ಆದರೆ ದಾವಣಗೆರೆ ಸರ್ ಹತ್ತಿರ ನಮ್ಮ ಹುಡುಗರು ಒಂದು ವಾರ ನಿಂತರೆ ನನಗೆ ಸಂತೋಷವೇ. ಸ್ಟ್ರಿಪ್ ಬಣ್ಣ ನೋಡಿ ಮಾತ್ರೆ ಗುರುತಿಸುವ ಅಜ್ಜಿಗೆ ಕಂಪನಿ ಬದಲಾದಾಗ ಏನು ಗೊಂದಲ ಆಗುತ್ತದೆ ಅಂತ ಕ್ಲಾಸಲ್ಲಿ ಹೇಳಿಕೊಡಕ್ಕೆ ಆಗಲ್ಲ. ಸರ್, ನೀವೂ ಗ್ಲಿಬೆನ್‌ಕ್ಲಮೈಡ್ ಚೀಟಿ ಇಲ್ಲದೆ ಕೊಡಬೇಡಿ.

ಹಾಸನದ ಸೊಸೆ: ಮೇಲೆ ಓದಿದೆ ಮೇಡಂ, ಥೈರಾಯ್ಡ್ ಮಾತ್ರೆ ಬಗ್ಗೆ ಇಲ್ಲ. ಕಾಫಿ ಜೊತೆ ಕೊಡಬಹುದಾ?

ಮೇಡಂ: ಬೇಡ. ಖಾಲಿ ಹೊಟ್ಟೆ, ನೀರು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು.

ಇಂಟರ್ನ್, 6ನೇ ವರ್ಷ: ಮೇಡಂ, ಆಶ್ರಮದಿಂದಲೇ ಬರೆಯುತ್ತಿದ್ದೀನಿ. ಬಿದ್ದಿದ್ದು ಎರಡೂ ಸಲ ದ್ವಾದಶಿ ದಿನ. ಅಜ್ಜಿ ಏಕಾದಶಿ ಮಾಡುತ್ತಾರಂತೆ, ರಾತ್ರಿಗೆ ಒಂದು ಲೋಟ ಹಾಲು ಅಷ್ಟೇ. ಮಾತ್ರೆ ಮಾತ್ರ ತಪ್ಪಿಸಿಲ್ಲ, ಸಿಸ್ಟರ್ ಟಿಕ್ ಹಾಕಿದ್ದಾರೆ. ಸೀರೆ ಒದ್ದೆ ಆಗಿತ್ತಂತೆ, ಬಚ್ಚಲ ನೀರು ಅಂದುಕೊಂಡಿದ್ದಾರೆ.

ಮೇಡಂ: ಡಾಕ್ಟರಿಗೆ ಇದನ್ನು ಹೀಗೇ ಹೇಳಿ, 26 ಅನ್ನೋ ಲೆಕ್ಕದ ಸಮೇತ. ಮುಂದಿನ ಏಕಾದಶಿ ಯಾವತ್ತು ಅಂತಲೂ ಹೇಳಿ. ಸಿಸ್ಟರ್ ಮೇಲೆ ತಪ್ಪು ಹೊರಿಸಬೇಡಿ. ಅವರಿಗೆ ಕೊಟ್ಟಿರುವ ಶೀಟಲ್ಲಿ ಊಟ ಮಾಡಿದರಾ ಅನ್ನೋ ಕಾಲಂ ಇಲ್ಲ. ಉಪವಾಸ ಬಿಡಿ ಅಂತ ಅಜ್ಜಿಗೂ ಹೇಳಬೇಡಿ, ಆಮೇಲೆ ಮುಚ್ಚಿಟ್ಟುಕೊಂಡು ಮಾಡುತ್ತಾರೆ. ಇವತ್ತು ರಾತ್ರಿ ಗ್ಲುಕೋಮೀಟರ್ ಹತ್ತಿರ ಇರಲಿ. ಮತ್ತೆ ಬೆವೆತರೆ, ಎಚ್ಚರ ಇದ್ದರೆ ಮಾತ್ರ ಸಕ್ಕರೆ ನೀರು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆ. ಸರಿಹೋಯಿತು ಅಂದರೂ ಆಸ್ಪತ್ರೆ, ಈ ಮಾತ್ರೆಯಲ್ಲಿ ಶುಗರ್ ಮತ್ತೆ ಇಳಿಯುತ್ತದೆ.

ಮಂಡ್ಯದ ಮಾವ: ನೋಡಿ, ಮಾತ್ರೆಯಿಂದಲೇ ಆಗಿದ್ದು ಅಲ್ವಾ. ಕಷಾಯ ಕುಡಿದಿದ್ದರೆ

ಮೇಡಂ: ಅಡ್ಮಿನ್, ಇವರನ್ನು ನೀವು ನೋಡಿಕೊಳ್ಳಿ, ನನ್ನ ಕೈಲಾಗಲ್ಲ.

ಗದಗದ ಮಗ: ಅಪ್ಪಗ ಕೈ ನಡುಗ್ತದ, ಪೆಸಿಟೇನ್ ಚಾಲು ಮಾಡಿದ ಮ್ಯಾಲೆ ರಾತ್ರಿ ಗೋಡಿ ಕೂಡ ಮಾತಾಡ್ಲಿಕ್ಕತ್ಯಾನ. ಇದು ಮಾತ್ರೆದಿಂದ ಏನ್ರೀ?

ಹೊಸ ಸದಸ್ಯ: ಮಾತ್ರೆ ಪುಡಿ ಮಾಡಿ ಕೊಡಬಹುದಾ?

ಮೇಡಂ: ಮೇಲೆ.

ಇಂಟರ್ನ್, 6ನೇ ವರ್ಷ: ಡಾಕ್ಟರ್ ಫೋನ್ ತೆಗೆದರು ಮೇಡಂ. ಇವತ್ತಿನ ಮಾತ್ರೆ ತಡೆಹಿಡಿಯಿರಿ, ಬೆಳಿಗ್ಗೆ ಬರುತ್ತೇನೆ ಅಂದರು. ರಿಜಿಸ್ಟರ್ ಫೋಟೋ ಹಾಕಿದ್ದೀನಿ, ನೋಡಿ. 📷

ಮೇಡಂ: ಫೋಟೋ ತೆಗೀರಿ, ಈಗಲೇ. ಅಜ್ಜಿ ಹೆಸರು, ರೂಮ್ ನಂಬರ್ ಎಲ್ಲಾ ಕಾಣುತ್ತಿದೆ.

ಇಂಟರ್ನ್, 6ನೇ ವರ್ಷ: ಈ ಸಂದೇಶವನ್ನು ಅಳಿಸಲಾಗಿದೆ

ಅಡ್ಮಿನ್: 9 ಆಯ್ತು. ಕಾಮೆಂಟ್ ಮುಚ್ಚುತ್ತಿದ್ದೇನೆ.