ಮನೆ ಮೊದಲೋ, ಸೀಟು ಮೊದಲೋ

ಗುಂಪು: ನಮ್ಮನೆಯವರು, ಹಾಸನ. ನನ್ನ ತಮ್ಮ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೊರಟಿದ್ದಾನೆ; ಹೆಂಡತಿ ಸುಧಾ, ಇಬ್ಬರು ಮಕ್ಕಳು ಯಾವಾಗ ಹೋಗೋದು ಅಂತ ಮಾತು ನಡೀತಿದೆ.

ದೊಡ್ಡಪ್ಪ ಅರಸೀಕೆರೆ: (ಫಾರ್ವರ್ಡ್ ಆದ ಪೋಸ್ಟರ್) "ಇಂಗ್ಲೆಂಡಿನ ಸರ್ಕಾರಿ ಶಾಲೆಯಲ್ಲಿ ಸೀಟು ಗ್ಯಾರಂಟಿ. ವಿಮಾನ ಹತ್ತುವ ಮೊದಲೇ ಅಡ್ಮಿಷನ್ ಲೆಟರ್. ಒಂದು ಮಗುವಿಗೆ 60,000."

ದೊಡ್ಡಪ್ಪ ಅರಸೀಕೆರೆ: ಮಗಾ, ಸೀಟು ಕೈಗೆ ಬಂದ ಮೇಲೆ ಟಿಕೆಟ್ ತಗೋ. ಹಾಸನದಲ್ಲೇ ಎಲ್‌ಕೆಜಿ ಅರ್ಜಿಗೆ ಬೆಳಗಿನ ಜಾವ ಎದ್ದು ಕ್ಯೂ ನಿಂತಿದೀವಿ. ಮ್ಯಾಂಚೆಸ್ಟರ್‌ನಲ್ಲಿ ನಮಗೋಸ್ಕರ ಯಾರು ಕಾಯ್ತಾ ಕೂತಿರ್ತಾರೆ?

ಅಮ್ಮ: ಅದಕ್ಕೇ ಅವನೊಬ್ಬನೇ ಮುಂದೆ ಹೋಗಲಿ. ಸುಧಾ, ಮಕ್ಕಳು ಮಾರ್ಚ್ ಪರೀಕ್ಷೆ ಮುಗಿಸಿಕೊಂಡು ಹೊರಡಲಿ. ಹಾಸನಾಂಬೆ ಬಾಗಿಲು ತೆಗೆದಾಗ ದರ್ಶನವೂ ಆಗುತ್ತೆ.

ಚಿಕ್ಕಪ್ಪ ಸಕಲೇಶಪುರ: ಇಬ್ಬರಿಗೆ 1,20,000! ಸರ್ಕಾರಿ ಶಾಲೆಗೆ ಯಾಕಣ್ಣ ಇಷ್ಟು ದುಡ್ಡು?

ನಾನು: ದೊಡ್ಡಪ್ಪ, ದಯವಿಟ್ಟು ಆ ಪೋಸ್ಟರ್‌ನವರಿಗೆ ಒಂದು ರೂಪಾಯಿನೂ ಕೊಡಬೇಡಿ. ಇಂಗ್ಲೆಂಡಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಸೀಟಿಗೆ ಅಂತ ಡೊನೇಷನ್ ಕೇಳೋ ಹಾಗೂ ಇಲ್ಲ. ವರ್ಷದ ಮಧ್ಯೆ ಬಂದವರು ಆ ಊರಿನ ಕೌನ್ಸಿಲ್‌ಗೋ (ನಮ್ಮ ನಗರಸಭೆ ಥರ) ನೇರ ಶಾಲೆಗೋ ಅರ್ಜಿ ಹಾಕಬೇಕು. ಅವರು ಸಾಮಾನ್ಯವಾಗಿ ಮೊದಲು ಕೇಳೋದೇ ಬಾಡಿಗೆ ಕರಾರು. ಶಾಲೆ ಭರ್ತಿಯಾಗೋ ಹಾಗಿದ್ರೆ ಹೆಚ್ಚಿನ ಕಡೆ ಒಡಹುಟ್ಟಿದವರು ಅಲ್ಲೇ ಓದ್ತಿದಾರಾ, ಮನೆ ಎಷ್ಟು ದೂರ ಅಂತ ನೋಡ್ತಾರೆ. ಅರಸೀಕೆರೆಯಲ್ಲಿ ಕೂತವನು ಯಾವ ಮನೆಯಿಂದ ದೂರ ಅಳೆದು ಸೀಟು ಕೊಡಿಸ್ತಾನೆ? ಅರ್ಜಿ ಹಾಕಿ 15 ಶಾಲಾ ದಿನದೊಳಗೆ ಆಗುತ್ತೋ ಇಲ್ಲವೋ ಅಂತ ಬರವಣಿಗೆಯಲ್ಲಿ ತಿಳಿಸಲೇಬೇಕು.

ದೊಡ್ಡಪ್ಪ ಅರಸೀಕೆರೆ: ನೀನು ಹೇಳೋದು ಸರಿಯಮ್ಮ. ಆದ್ರೆ ನೀನು ಹೋದಾಗ ಏನಾಯ್ತು? ದೊಡ್ಡವಳು ಒಂದು ಶಾಲೆ, ಚಿಕ್ಕವನು ಇನ್ನೊಂದು ಶಾಲೆ. ಫೋನಲ್ಲಿ ಅತ್ತವಳು ನೀನೇ. ಆಗ ಯಾರಾದ್ರೂ ದುಡ್ಡು ತಗೊಂಡು ಮಾಡಿಕೊಟ್ಟಿದ್ರೆ ನಾನೇ ಕೊಟ್ಟಿರ್ತಿದ್ದೆ. ಇವನ ಮಕ್ಕಳಿಗೋಸ್ಕರ ಅದಕ್ಕೇ ಆ ಪೋಸ್ಟರ್‌ನವನಿಗೆ 10,000 ಅಡ್ವಾನ್ಸ್ ಕೊಟ್ಟಿದೀನಿ.

ತಮ್ಮ: ದೊಡ್ಡಪ್ಪ! ನನಗೆ ಒಂದು ಮಾತು ಹೇಳಬೇಕಿತ್ತು.

ನಾನು: ಅತ್ತಿದ್ದು ನಿಜ ದೊಡ್ಡಪ್ಪ. ಎರಡೂ ಶಾಲೆಯ ಗೇಟು ತೆಗೀತಿದ್ದಿದ್ದು 8:45ಕ್ಕೇ. ಮಳೆಯಲ್ಲಿ ಒಬ್ಬಳನ್ನ ಬಿಟ್ಟು ಇನ್ನೊಬ್ಬನ ಕೈ ಹಿಡ್ಕೊಂಡು ಓಡ್ತಿದ್ದೆ, ದಿನಾ ಲೇಟು. ಐದು ತಿಂಗಳು ಹಾಗೇ ನಡೀತು. ಆದ್ರೆ ದುಡ್ಡು ಕೊಟ್ಟಿದ್ರೂ ಆಗ್ತಿರಲಿಲ್ಲ. ರಿಸೆಪ್ಷನ್ (ಅಲ್ಲಿನ ಶಾಲೆಯ ಮೊದಲ ಕ್ಲಾಸು), ಇಯರ್ 1, ಇಯರ್ 2, ಈ ಮೂರು ಕ್ಲಾಸಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಅಂತ ಕಾನೂನೇ ಇದೆ. ಚಿಕ್ಕವನ ಕ್ಲಾಸು ತುಂಬಿತ್ತು. ಅಕ್ಕ ಅದೇ ಶಾಲೆಯಲ್ಲಿದ್ದಿದ್ರಿಂದ ವೇಟಿಂಗ್ ಲಿಸ್ಟಲ್ಲಿ ಮುಂದಿದ್ದ. ಒಂದು ಕುಟುಂಬ ಊರು ಬಿಟ್ಟಿತು, ಸೀಟು ಬಂತು. ಅದಕ್ಕೇ ತಮ್ಮಾ, ಬಾಡಿಗೆ ಕರಾರಿಗೆ ಸಹಿ ಹಾಕೋ ಮೊದಲು ಸುತ್ತಲ ಮೂರ್ನಾಲ್ಕು ಶಾಲೆಗೆ ಫೋನ್ ಮಾಡು. ಇಯರ್ 5ರಲ್ಲಿ, ಇಯರ್ 2ರಲ್ಲಿ ಜಾಗ ಇದೆಯಾ ಅಂತ ಕೇಳು. ಎರಡೂ ಇರೋ ಕಡೆ ಮನೆ ಹಿಡಿ. ಆಫೀಸು ದೂರ ಆದ್ರೂ ಪರವಾಗಿಲ್ಲ.

ಸುಧಾ: ಅತ್ತಿಗೆ, ಇಯರ್ 2 ಯಾರಿಗೆ? ಪುಟ್ಟಿ ಇಲ್ಲಿ ಈ ಜೂನ್‌ಗೆ ಯುಕೆಜಿ.

ನಾನು: ಪುಟ್ಟಿಗೇ ಕಣೆ. ಮಗು ಏನು ಓದಿದೆ ಅಂತ ಅಲ್ಲಿ ನೋಡಲ್ಲ, ವಯಸ್ಸು ನೋಡ್ತಾರೆ. ಲೆಕ್ಕ ಸೆಪ್ಟೆಂಬರ್ 1ರಿಂದ ಆಗಸ್ಟ್ 31ಕ್ಕೆ. ಅವಳು ಹುಟ್ಟಿದ್ದು 2020ರ ಆಗಸ್ಟ್ 20. ಹನ್ನೆರಡು ದಿನ ತಡವಾಗಿ ಹುಟ್ಟಿದ್ರೆ ಇಯರ್ 1. ದೊಡ್ಡವನು 2017ರ ಮೇ, ಇಲ್ಲಿ ನಾಲ್ಕನೇ ಕ್ಲಾಸು, ಅಲ್ಲಿ ಇಯರ್ 5.

ಅಮ್ಮ: ಅಯ್ಯೋ, ಆ ಕೂಸಿಗೆ ಎರಡು ಕ್ಲಾಸು ಹಾರಿಸ್ತಾರಾ? ನಾನು ಹೇಳಿದ್ದೇ ಸರಿ. ಇಲ್ಲೇ ಇರಲಿ ಒಂದು ವರ್ಷ.

ನಾನು: ಅಮ್ಮಾ, ಒಂದು ವರ್ಷ ತಡ ಮಾಡಿದ್ರೆ ನೇರ ಇಯರ್ 3ಕ್ಕೆ ಕೂರಿಸ್ತಾರೆ. ಅಲ್ಲಿ ಮಕ್ಕಳು ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರ್‌ಗೇ ಶಾಲೆ ಸೇರ್ತಾರೆ, ಅಂತರ ಬೆಳೀತಾನೇ ಹೋಗುತ್ತೆ. ಪುಟ್ಟಿಗೆ ಮೊದಲು ಕಷ್ಟ ಆಗುತ್ತೆ, ಅದನ್ನ ಮುಚ್ಚಿಡಲ್ಲ. ಸುಧಾ, ಈ ಮಳೆಗಾಲದಲ್ಲಿ ಎ, ಬಿ, ಸಿ ಬರೆಸೋದು ಬಿಟ್ಟು ಅಕ್ಷರದ ಸದ್ದು ಕೂಡಿಸಿ ಓದಿಸು. ಅಲ್ಲಿ ಫೋನಿಕ್ಸ್‌ನಲ್ಲೇ ಶುರು. ಮನೆಯಲ್ಲಿ ಮಾತ್ರ ಕನ್ನಡ ಬಿಡಬೇಡ. ಇಂಗ್ಲಿಷ್ ಬರಲ್ಲ ಅಂತ ಯಾರೂ ಸೀಟು ನಿರಾಕರಿಸೋ ಹಾಗಿಲ್ಲ.

ತಮ್ಮ: ಹಾಗಾದ್ರೆ ಆಗಸ್ಟ್‌ನಲ್ಲೇ ಎಲ್ಲರೂ ಹೊರಡ್ತೀವಿ. ಅಮ್ಮ, ಹಾಸನಾಂಬೆಗೆ ಈ ಸಲ ನಮ್ಮ ಹೆಸರಲ್ಲಿ ನೀನೇ ಹೋಗಿ ಬಾ.

ಸುಧಾ: ಟಿಸಿ ಈಗಲೇ ತಗೊಳ್ಲಾ?

ನಾನು: ಅವಸರ ಮಾಡಬೇಡ. ಅಲ್ಲಿ ಸೀಟಿನ ಕಾಗದ ಬರೋವರೆಗೆ ಇಲ್ಲಿನ ಸೀಟು ಉಳಿಸಿಕೊಡ್ತಾರಾ ಅಂತ ಹೆಡ್‌ಮಿಸ್ ಹತ್ರ ಇರೋ ವಿಷಯ ಹೇಳಿ ಕೇಳು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು ಕೈಚೀಲದಲ್ಲೇ ಇರಲಿ.

ದೊಡ್ಡಪ್ಪ ಅರಸೀಕೆರೆ: ನಾಳೆ ಬೆಳಿಗ್ಗೆ ಹೋಗಿ ಅಡ್ವಾನ್ಸ್ ವಾಪಸ್ ಕೇಳ್ತೀನಿ.

ಚಿಕ್ಕಪ್ಪ ಸಕಲೇಶಪುರ: ಒಬ್ಬನೇ ಹೋಗಬೇಡ ಅಣ್ಣ. ಎಂಟು ಗಂಟೆ ಬಸ್ಸಿಗೆ ನಾನೂ ಬರ್ತೀನಿ.

ಅಮ್ಮ: ಅಲ್ಲಿ ಮಧ್ಯಾಹ್ನ ಊಟ ಏನು ಕೊಡ್ತಾರೆ? ಪುಟ್ಟಿ ಮೊಟ್ಟೆ ಮುಟ್ಟಲ್ಲ.

ನಾನು: ಇಯರ್ 2 ಮುಗಿಯೋವರೆಗೆ ಊಟ ಉಚಿತ ಅಮ್ಮ. ಸೇರಿಸುವಾಗಲೇ ಮೊಟ್ಟೆಯೂ ಬೇಡ ಅಂತ ಬರೆದುಕೊಡೋಣ. ದೊಡ್ಡವನಿಗೆ ಸುಧಾನೇ ಡಬ್ಬಿ ಕಟ್ಟಬೇಕು.

ಅಮ್ಮ: ಚಟ್ನಿಪುಡಿ ಮಾಡಿಕೊಡ್ತೀನಿ.